ಪಂಕ್ತಿಯ ಮೊದಲ ತಾಟು

ಕತ್ತರಿ ಬಿದ್ದದ್ದನ್ನು ಮೊದಲು ನೋಡಿದವನು ನನ್ನ ತಮ್ಮ ಬಾಳು. ಅಥಣಿ ಹತ್ತಿರದ ನಮ್ಮ ದ್ರಾಕ್ಷಿ ತೋಟದಲ್ಲಿ ಅಕ್ಟೋಬರಿನ ಚಾಟ್ನಿ ನಡೆದಿತ್ತು. ಬಳ್ಳಿಯ ಕಡ್ಡಿ ಕತ್ತರಿಸುವ ಆ ಕೆಲಸಕ್ಕೆ ಎಷ್ಟೇ ಆಳು ಬಂದರೂ ಮೊದಲ ಸಾಲು ಅಪ್ಪನದು. ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣು ಎಷ್ಟು ಬಿಟ್ಟು ಕತ್ತರಿಸಬೇಕು ಎನ್ನುವುದು ಈ ಭೂಮಿಯ ಮೇಲೆ ತನಗೊಬ್ಬನಿಗೇ ಗೊತ್ತು ಎಂಬ ಖಾತ್ರಿ ಅವನಿಗೆ. ಬಲಗೈಯಿಂದ ಕತ್ತರಿ ಜಾರಿತು. ಬಗ್ಗಿ ಎತ್ತಿಕೊಂಡ. ಮತ್ತೆ ಜಾರಿತು. ಕತ್ತರಿಯೇ ಸರಿಯಿಲ್ಲವೆಂದು ಬೈದು ಬಾಳುವಿನ ಕೈಯಲ್ಲಿದ್ದದ್ದನ್ನು ಇಸಿದುಕೊಂಡ. ಅದೂ ಬಿತ್ತು. ಆಮೇಲೆ ಅವನೇ ಬಿದ್ದ.

ಲಕ್ವಾ ಹೊಡೆದಿತ್ತು.

ನಾನು ಚಿಕ್ಕೋಡಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಶಾಲೆಯ ಎದುರಿನ ಎಸ್.ಟಿ.ಡಿ. ಬೂತಿಗೆ ಫೋನು ಬಂದಾಗ ನಾಲ್ಕನೆಯ ವರ್ಗಕ್ಕೆ ಗುಣಾಕಾರ ಹೇಳುತ್ತಿದ್ದೆ. ನಾನು ಬಸ್ಸು ಬದಲಿಸಿ ಬದಲಿಸಿ ಮಿರಜ್ ಮುಟ್ಟುವ ಹೊತ್ತಿಗೆ ಬಾಳು ಮತ್ತು ಆಳುಗಳು ಜೀಪಿನಲ್ಲಿ ಕಾಗವಾಡ ದಾಟಿ ಅಪ್ಪನನ್ನು ದವಾಖಾನೆಗೆ ಸೇರಿಸಿಯಾಗಿತ್ತು. ಸಿ.ಟಿ. ಸ್ಕ್ಯಾನ್ ಆಗಿತ್ತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮೆದುಳಿನ ಎಡಭಾಗದಲ್ಲಿ ಕ್ಲಾಟ್. ಅದಕ್ಕೇ ಬಲಗೈ, ಬಲಗಾಲು ಸತ್ತಿವೆ. ಬಿ.ಪಿ. ಗುಳಿಗೆ ಬಿಟ್ಟು ಎಷ್ಟು ದಿನವಾಯಿತು ಎಂದು ಕೇಳಿದರು. ನಾನು ಬಾಳುವಿನ ಮುಖ ನೋಡಿದೆ. ಬಾಳು ನೆಲ ನೋಡಿದ.

"ತಲಿ ನೋಯಂಗಿಲ್ಲ, ಗುಳಿಗಿ ಯಾಕ ನುಂಗಲಿ ಅಂತಿದ್ರಕ್ಕಾ" ಎಂದ.

ನಾಲ್ಕು ದಿನ ಅಪ್ಪನ ಮಾತು ತೊದಲುತ್ತಿತ್ತು. ಐದನೆಯ ದಿನ ನೆಟ್ಟಗಾಯಿತು. ನೆಟ್ಟಗಾದ ಕೂಡಲೇ ಬೈಗುಳ ಶುರುವಾಯಿತು: ಆಳುಗಳು ಕಣ್ಣು ಎಣಿಸದೆ ಕತ್ತರಿಸುತ್ತಿರಬಹುದು, ಬಾಳು ಇಲ್ಲಿ ಯಾಕೆ ಕೂತಿದ್ದಾನೆ, ಈ ಸಿಸ್ಟರಿಗೆ ಹಾಸಿಗೆ ಹಾಸಲು ಯಾರು ಕಲಿಸಿದರು. ನನಗೆ ಅಳು ಬಂತು, ಸಂತೋಷಕ್ಕೆ. ಆ ಸಂತೋಷ ಒಂದು ವಾರ ಉಳಿಯಿತು.

ಕಾಲು ಸ್ವಲ್ಪ ಸ್ವಲ್ಪ ಬಂತು. ಕೈ ಬರಲಿಲ್ಲ.

ತೋಟದ ಮನೆಗೆ ಕರೆತಂದ ಮೇಲೆ ನಿಜವಾದ ಪೇಚು ಎದುರಾಯಿತು. ಅವ್ವ ತೀರಿಕೊಂಡು ಆರು ವರ್ಷ. ಮನೆಯಲ್ಲಿ ಹೆಣ್ಣೆಂದರೆ ಬಾಳುವಿನ ಹೆಂಡತಿ ಸುನಂದಾ ಒಬ್ಬಳೇ. ನಮ್ಮ ಕಡೆ ಸೊಸೆ ಮಾವನ ಮುಂದೆ ತಲೆಯ ಮೇಲಿನ ಸೆರಗು ಜಾರಲು ಬಿಡುವುದಿಲ್ಲ, ಎದುರಿಗೆ ಕೂಡುವುದಿಲ್ಲ. ಹತ್ತು ವರ್ಷ ಬಾಗಿಲ ಮರೆಯಿಂದಲೇ "ಚಾ ಆಗೇತ್ರಿ" ಎಂದು ಹೇಳಿಕೊಂಡು ಬಂದವಳು ಈಗ ಆ ಮಾವನ ಧೋತರ ಬದಲಿಸಬೇಕಾಯಿತು. ಬಾಳು ತೋಟಕ್ಕೆ ಹೋದ ಹೊತ್ತಿನಲ್ಲೇ ಅಪ್ಪನಿಗೆ ಎಲ್ಲ ಆಗುತ್ತಿತ್ತು. ಅವಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಬದಲಿಸುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿಕೊಂಡಿರುತ್ತಿದ್ದ. ಒಂಬತ್ತನೆಯ ದಿನ ನನ್ನನ್ನು ಕರೆಸಿದ.

"ಶಾರಿ, ನನ್ನ ಎಲ್ಲೆರೆ ಒಯ್ದ ಇಡ್ರಿ. ಈ ಮನ್ಯಾಗ ಬ್ಯಾಡ. ಆ ಹುಡುಗಿ ಮಾರಿ ನೋಡಾಕ ಆಗವಲ್ದು ನನಗ."

"ಚಿಕ್ಕೋಡಿಗೆ ಬಾ ಅಪ್ಪಾ, ನಮ್ಮನಿಗೆ."

"ಮಗಳ ಮನ್ಯಾಗ ಕುಂತ ಉಣ್ಣುವಂಗ ಇನ್ನೂ ಆಗಿಲ್ಲ ನಾ."

ಹೀಗೆ ಎರಡೂ ಬಾಗಿಲನ್ನು ತಾನೇ ಹಾಕಿಕೊಂಡ. ನಿಪ್ಪಾಣಿಯ ಹೊರಗೆ, ಅಕ್ಕೋಳದ ದಾರಿಯಲ್ಲಿ, ಒಂದು ಟ್ರಸ್ಟಿನವರು ವಯಸ್ಸಾದವರಿಗೆಂದು ನಡೆಸುವ ಜಾಗದ ವಿಷಯ ಹೇಳಿದವರು ಮಿರಜಿನ ಫಿಸಿಯೋಥೆರಪಿಯವರು. ಒಬ್ಬೊಬ್ಬರಿಗೆ ಒಂದೊಂದು ಖೋಲಿ, ಹಗಲಿಗೆ ಸಿಸ್ಟರ್, ಮೈ ತೊಳೆಸಲು ಗಂಡಾಳು, ವಾರಕ್ಕೆ ಎರಡು ಸಲ ಫಿಸಿಯೋಥೆರಪಿ, ಎಲ್ಲರಿಗೂ ಕೂಡಿ ಊಟ. ನಾವು ಅದನ್ನು ಆಶ್ರಮ ಎಂದೆವು. ಮ್ಯಾನೇಜರರಿಗೆ ಆ ಶಬ್ದ ಸೇರುತ್ತಿರಲಿಲ್ಲ. "ಆಶ್ರಮ ಅನಬ್ಯಾಡ್ರಿ ಅಕ್ಕೋರ. ನಿವಾಸ ಅನ್ರಿ" ಎಂದು ಪ್ರತಿ ಸಲ ತಿದ್ದುತ್ತಿದ್ದರು. ನಾನು ದಿನವಿಡೀ ಮಕ್ಕಳನ್ನು ತಿದ್ದುವವಳು, ಇವರು ನನ್ನನ್ನು ತಿದ್ದುವವರು.

ನೆಂಟರು ಸುಮ್ಮನೆ ಬಿಡುತ್ತಾರೆಯೇ? ರಾಯಬಾಗದ ಸೋದರಮಾವ ಮೂರು ಬಸ್ಸಿನ ದಾರಿ ಬಂದು ಮೂರು ತಾಸು ಬೈದು ಹೋದ. "ಗಂಡಮಗಾ ಇದ್ದು ಅಪ್ಪನ್ನ ಆಶ್ರಮಕ್ಕ ಹಾಕ್ತೀರೇನ? ಪಾರಿವಾಳದ ರಗತಾ ತಿಕ್ಕಿದ್ರ ತಿಂಗಳದಾಗ ಕೈ ಏಳತಿತ್ತು." ಪಾರಿವಾಳ ಕೊಯ್ದು ರಕ್ತ ತಿಕ್ಕಲು ನೀನೇ ಒಂದು ತಿಂಗಳು ನಿಲ್ಲು ಮಾವಾ ಎಂದೆ. ಅವನಿಗೆ ಕಬ್ಬು ಕಡಿಯುವ ಪಾಳಿ ಬಂದಿತ್ತಂತೆ.

ನಿವಾಸದಲ್ಲಿ ಮೊದಲ ವಾರ ಅಪ್ಪ ಖುಷಿಯಾಗಿದ್ದ. ಹಾಗೆಂದು ಅವನು ಹೇಳಲಿಲ್ಲ. ನೀರು ಬೆಚ್ಚಗಿಲ್ಲ, ಪೇಪರು ತಡವಾಗಿ ಬರುತ್ತದೆ ಎಂದು ದೂರುವಾಗ ದನಿಯಲ್ಲಿ ಗತ್ತು ಇತ್ತು, ಅದರಿಂದ ತಿಳಿದೆ. ಊಟದ ಹಾಲಿನಲ್ಲಿ ಉದ್ದದ ಟೇಬಲ್ಲು, ಎರಡೂ ಕಡೆ ಬೆಂಚು. ಆದರೂ ಎಲ್ಲರೂ ಅದನ್ನು ಪಂಕ್ತಿ ಎಂದೇ ಕರೆಯುತ್ತಿದ್ದರು. ಅಪ್ಪ ದ್ರಾಕ್ಷಿ ತೋಟದ ದೊಡ್ಡ ಮನೆತನದವನು, ಊರಿನಲ್ಲಿ ಹತ್ತಾರು ಜಗಳ ಬಗೆಹರಿಸಿದವನು ಎಂದು ಮ್ಯಾನೇಜರರು ಬಹಳ ಮರ್ಯಾದೆಯಿಂದ ಅವನನ್ನು ಟೇಬಲ್ಲಿನ ತಲೆಗೆ, ಕೈಯಿದ್ದ ಕುರ್ಚಿಯಲ್ಲಿ ಕೂಡಿಸಿದರು. "ಅಣ್ಣಾಸಾಹೇಬ್ರು ತುತ್ತು ಎತ್ತಲಾರದ ಇಲ್ಲಿ ಯಾರೂ ಉಣ್ಣಂಗಿಲ್ರಿ" ಎಂದು ನನ್ನ ಮುಂದೆ ಹೆಮ್ಮೆಯಿಂದ ಹೇಳಿದರು. ಹಿರಿಯರು ಶುರು ಮಾಡದೆ ಉಳಿದವರು ತಾಟು ಮುಟ್ಟಬಾರದು, ಅದು ನಮ್ಮ ಮನೆಯ ರೀತಿಯೂ ಹೌದು. ನಾನೂ ಹಿಗ್ಗಿದೆ. ಎಂಥ ದಡ್ಡಿ ನಾನು.

ಎರಡು ತಿಂಗಳಲ್ಲಿ ಅಪ್ಪನ ತೂಕ ಏಳು ಕಿಲೋ ಇಳಿಯಿತು.

ಕೊರಳ ಎಲುಬು ಎದ್ದು ಕಂಡವು. ಫಿಸಿಯೋಥೆರಪಿಯವರು ನಿಲ್ಲಿಸಿದರೆ ತೊಡೆ ನಡುಗುತ್ತಿತ್ತು, ಮೂರು ಹೆಜ್ಜೆಗೆ ಕುಸಿಯುತ್ತಿದ್ದ. ಸಿಸ್ಟರ್ ಬರೆಯುವ ಚಾರ್ಟು ನೋಡಿದೆ. ದಿನವೂ ಒಂದೇ ಬರಹ: ಊಟ ಠೀಕ್. ಅಪ್ಪನನ್ನೇ ಕೇಳಿದೆ. "ಉಣ್ತೀನಲಾ" ಎಂದ. ಮತ್ತೆ ಕೇಳಿದರೆ ಇವತ್ತು ಗುರುವಾರ, ಒಪ್ಪತ್ತು ಎಂದ. ಸೋಮವಾರ ಬಂದರೆ ಸೋಮವಾರದ ಒಪ್ಪತ್ತು. ಜನ್ಮದಲ್ಲಿ ಒಂದು ದಿನ ಉಪವಾಸ ಮಾಡದವನಿಗೆ ಏಕಾಏಕಿ ಇಷ್ಟು ಭಕ್ತಿ ಬಂದದ್ದು ನನಗೆ ವಿಚಿತ್ರ ಎನಿಸಬೇಕಿತ್ತು. ಎನಿಸಲಿಲ್ಲ. ಹೊಟ್ಟೆಯಲ್ಲಿ ಕೆಟ್ಟದ್ದೇನೋ ಬೆಳೆಯುತ್ತಿದೆ ಎಂದು ಹೆದರಿ ಮತ್ತೆ ಮಿರಜ್‌ಗೆ ಒಯ್ದೆವು. ರಕ್ತ ತಪಾಸಣೆಗೆ ಕೊಟ್ಟ. ಎಕ್ಸ್‌ರೇ ಆಯಿತು. ಎಂಡೋಸ್ಕೋಪಿಗೆ ಗಂಟಲಲ್ಲಿ ಪೈಪು ಇಳಿಸಿದಾಗ ಅವನ ಕಣ್ಣಲ್ಲಿ ನೀರು ಸುರಿಯಿತು, ಎಡಗೈಯಿಂದ ನನ್ನ ಮುಂಗೈ ಹಿಡಿದಿದ್ದ.

ಡಾಕ್ಟರು ಕೈ ಒರೆಸಿಕೊಳ್ಳುತ್ತ, "ಹೊಟ್ಟಿ ಸ್ವಚ್ಛ ಐತ್ರಿ. ನುಂಗಾಕೂ ತ್ರಾಸ ಇಲ್ಲ. ಇವ್ರು ಖರೇನ ಉಣ್ಣಾಕತ್ತಾರೇನು, ಅದನ್ನ ನೋಡ್ರಿ ಮೊದಲ" ಎಂದರು.

ನನಗೆ ಸಿಟ್ಟು ಬಂತು. ಚಾರ್ಟಿನಲ್ಲಿ ಬರೆದಿದೆಯಲ್ಲ ಎಂದೆ. ಅವರು ಮುಂದಿನ ಪೇಶಂಟನ್ನು ಕರೆದರು.

ನಿವಾಸಕ್ಕೆ ಮರಳಿದ ದಿನ ಮ್ಯಾನೇಜರರು ಆಫೀಸಿಗೆ ಕರೆದು ಕುರ್ಚಿ ಕೊಟ್ಟು, ಚಹಾ ಕೊಟ್ಟು, ಸಾವಕಾಶವಾಗಿ ಹೇಳಿದರು. "ಅಕ್ಕೋರ, ತಪ್ಪ ತಿಳಕೋಬ್ಯಾಡ್ರಿ. ಇಲ್ಲಿ ಸಲೈನ್ ಹಚ್ಚು ವ್ಯವಸ್ಥಾ ಇಲ್ಲ. ಹದಿನೈದು ದಿವಸ ನೋಡೂಣು. ವಜನ ಏರಲಿಲ್ಲಂದ್ರ ಮನಿಗೆ ಕರಕೊಂಡ ಹೋಗಬೇಕಾಗ್ತೈತಿ."

ಮನೆಗೆ ಎಂದರೆ ಸುನಂದಾಳ ಕೈಗೆ. ಅದನ್ನು ಅಪ್ಪನಿಗೆ ಹೇಳಿದೆ. ಅವನು ಕಿಟಕಿಯಾಚೆಯ ತಂಬಾಕಿನ ಹೊಲ ನೋಡುತ್ತ, "ಅದಕ್ಕಿಂತ ಮೊದಲ ಹೋಗ್ತೀನಿ ಬಿಡು" ಎಂದ. ನಾನು ಚೀಲ ಎತ್ತಿಕೊಂಡು ಎದ್ದೆ. ಬಸ್ಸಿನಲ್ಲಿ ಚಿಕ್ಕೋಡಿಯವರೆಗೂ ಅವನನ್ನು ಮನಸ್ಸಿನಲ್ಲೇ ಬೈದೆ. ಉಣ್ಣಲು ಏನು ಧಾಡಿ ಈ ಮನುಷ್ಯನಿಗೆ?

ಬುಧವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ, ಹೇಳದೆ ಕೇಳದೆ ನಿಪ್ಪಾಣಿಗೆ ಹೋದೆ. ಊಟದ ಹೊತ್ತು ಮುಗಿದಿತ್ತು. ಅಡಿಗೆಯ ಕಾಶೀಬಾಯಿ ಹಿತ್ತಲಲ್ಲಿ ತಾಟು ತೊಳೆಸುತ್ತಿದ್ದಳು. ಅಕ್ಕೋಳದವಳು, ಮಾತಿಗೆ ಮೊದಲೇ ಅಳುವವರ ಪೈಕಿ. ನನ್ನನ್ನು ನೋಡಿದ್ದೇ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಮ್ಯಾನೇಜರ್ ಸಾಹೇಬ್ರಿಗೆ ಹೇಳಬ್ಯಾಡ್ರಿ ಅಕ್ಕೋರ. ಖೋಲ್ಯಾಗ ತಿನಿಸು ಒಯ್ಯಬಾರದಂತ ಕಾನೂನ ಐತಿ, ಇರಿವಿ ಹತ್ತತಾವಂತ. ನನಗ ಕರಳ ಚುರ್ ಅಂತೈತ್ರಿ. ದಿನಾ ಒಂದ ಜ್ವಾಳದ ಭಕ್ರಿ ಅರಿವ್ಯಾಗ ಸುತ್ತಿ ಕೊಟ್ಟ ಬರ್ತೀನಿ. ಪಂಕ್ತ್ಯಾಗ ಅವ್ರು ಏನೂ ಉಣ್ಣಂಗಿಲ್ಲ. ಬಲಗೈ ಎತ್ತಿ ತಾಟಿಗೆ ಮುಟ್ಟಸ್ತಾರ, ನಡೀಲಿ ಅಂತಾರ, ಮಂದಿ ಉಣ್ಣಾಕ ಹತ್ತತಾರ. ಇವ್ರು ಸುಮ್ನ ಕುಂತಿರ್ತಾರ. ಸಿಸ್ಟರ್ ನೋಡೂದ್ರಾಗ ತಾಟ ನಾನ ಎತ್ತಿಬಿಡ್ತೀನಿ."

ನಾನು ಅಪ್ಪನ ಖೋಲಿಯ ಕಡೆ ನಡೆದೆ. ಬಾಗಿಲು ಮುಚ್ಚಿತ್ತು. ಕಿಟಕಿ ಅರ್ಧ ತೆರೆದಿತ್ತು. ಅಪ್ಪ ಗೋಡೆಗೆ ಮುಖ ಮಾಡಿ ಕೂತಿದ್ದ. ಮಡಿಲಲ್ಲಿ ಅರಿವೆ, ಅದರ ಮೇಲೆ ಭಕ್ರಿ. ಉಣ್ಣುತ್ತಿದ್ದ. ಅವಸರದಿಂದ, ಯಾರಾದರೂ ಬಂದಾರು ಎನ್ನುವ ಹಾಗೆ.

ಎಡಗೈಯಲ್ಲಿ.

ನಾನು ಒಳಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತೆ. ಎಲ್ಲ ಒಮ್ಮೆಲೇ ತಿಳಿಯಿತು. ಎಡಗೈ ಯಾವುದಕ್ಕೆ ಎಂದು ನಮ್ಮಲ್ಲಿ ಕೂಸಿಗೂ ಗೊತ್ತು. ಅದರಿಂದ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ತಾಟಿಗೆ ಹಚ್ಚುವುದಂತೂ ಇಲ್ಲವೇ ಇಲ್ಲ. ಆ ಕೈಯಿಂದ ಉಣ್ಣುವುದನ್ನು ನಾಲ್ಕು ಜನ ನೋಡುವುದಕ್ಕಿಂತ ಉಪವಾಸ ಸಾಯುವುದು ಮೇಲು ಎಂದು ಅಪ್ಪ ನಿರ್ಧಾರ ಮಾಡಿದ್ದ. ನಾವು ಏನು ಮಾಡಿದ್ದೆವು? ಅವನನ್ನು ಎಲ್ಲರ ಕಣ್ಣಿಗೂ ಬೀಳುವ ಕುರ್ಚಿಯಲ್ಲಿ ಕೂಡಿಸಿ, ಮೊದಲ ತುತ್ತು ನೀನೇ ಎತ್ತು ಎಂದು ಕಾದಿದ್ದೆವು. ಮೇಲಿಂದ ಗಂಟಲಿಗೆ ಪೈಪು ಬೇರೆ ಹಾಕಿಸಿದ್ದೆವು.

ಮರುಕ ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು. ಯಾಕೆಂದರೆ ನಾನು ಹುಟ್ಟಾ ಎಡಚಿ.

ಐದಾರು ವರ್ಷದವಳಿದ್ದಾಗ ನನ್ನ ಕೈ ತಾನಾಗಿ ಎಡಕ್ಕೇ ಹೋಗುತ್ತಿತ್ತು. ಊಟಕ್ಕೆ ಕೂತರೆ ಎಡಗೈ, ಪಾಟಿ ಮೇಲೆ ಬರೆಯಲು ಎಡಗೈ. ಅಪ್ಪನಿಗೆ ಅದು ಮನೆತನಕ್ಕೆ ಬಂದ ಕೇಡು. ಎಡಚಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎನ್ನುತ್ತಿದ್ದ. ಊಟದ ಹೊತ್ತಿಗೆ ಅವ್ವನ ಹಳೆಯ ಸೀರೆಯ ಅಂಚು ಹರಿದು ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದ. ಬಿಚ್ಚಿಕೊಂಡರೆ ಏಟು. ಒಂದು ವರ್ಷ ಕಟ್ಟಿದ. ಅವ್ವ ಅಡಿಗೆಮನೆಯಲ್ಲಿ ಭಕ್ರಿ ಬಡಿಯುತ್ತಿದ್ದಳು. ಕೈ ಕೊನೆಗೂ ಸೋತಿತು. ಇವತ್ತು ನಾನು ವರ್ಗದ ಕರಿ ಫಳಿಯ ಮೇಲೆ ಬಲಗೈಯಲ್ಲೇ ದುಂಡಗೆ ಬರೆಯುತ್ತೇನೆ. ಆ ಒಂದು ವರ್ಷದ ಮಾತನ್ನು ನಾನಾಗಲಿ ಅವನಾಗಲಿ ಎಂದೂ ಎತ್ತಿರಲಿಲ್ಲ.

ಮೊದಲು ನೇರ ದಾರಿಗಳನ್ನೇ ಹಿಡಿದೆ. ಖೋಲಿಯಲ್ಲೇ ಊಟ ಕೊಡಿ ಎಂದು ಮ್ಯಾನೇಜರರನ್ನು ಕೇಳಿದೆ. "ಒಬ್ರಿಗೆ ಬಿಟ್ರ ನಾಳೆ ಎಲ್ಲಾರೂ ಖೋಲಿ ಹಿಡದು ಮಲಗ್ತಾರ್ರಿ. ಎದ್ದು ನಾಕ ಹೆಜ್ಜಿ ಬರಲೆಂತನ ಕೂಡಿ ಊಟಾ ಇಟ್ಟೇವಿ" ಎಂದರು. ತಪ್ಪೇನೂ ಇರಲಿಲ್ಲ ಆ ಮಾತಿನಲ್ಲಿ, ಅದೇ ಇನ್ನಷ್ಟು ಸಿಟ್ಟು ತರಿಸಿತು. ಮೂಲೆಯ ಜಾಗ ಕೊಡಿಸಲು ನೋಡಿದೆ. ಅಪ್ಪನಿಗೆ ಅದು ಅವಮಾನ: "ನಾ ಏನ ತಪ್ಪ ಮಾಡೇನಿ ಮೂಲ್ಯಾಗ ಕುಂಡ್ರಾಕ?" ಸಿಸ್ಟರ್ ಉಣ್ಣಿಸಲು ಬಂದರೆ ಹಲ್ಲು ಕಚ್ಚಿದ. ಸ್ಟೀಲಿನ ಚಮಚೆ ಕೊಂಡು ತಂದೆ. "ಔಷಧಾ ಕುಡಿಯು ಚಮಚಾದಾಗ ಊಟಾ ಮಾಡ್ತಾರೇನ? ಅದನೂ ಹಿಡಿಯೂದು ಯಾವ ಕೈಲೆ?" ಎಂದ. ಚಮಚೆಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಹದಿನೈದು ದಿನದಲ್ಲಿ ಹನ್ನೊಂದು ಹೋಗಿದ್ದವು.

ಭಾನುವಾರ. ಆ ದಿನ ಬಂದವರಿಗೂ ಅಲ್ಲಿ ಊಟವಿರುತ್ತದೆ. ನಾನು ಅಪ್ಪನ ಪಕ್ಕಕ್ಕೇ ಬೆಂಚಿನ ತುದಿಯಲ್ಲಿ ಕೂತೆ. ಕಾಶೀಬಾಯಿ ಭಕ್ರಿ, ಕಡಲೆಹಿಟ್ಟಿನ ಝುಣಕ, ಅನ್ನ, ಆಮಟಿ ಸಾರು ಬಡಿಸಿಕೊಂಡು ಬಂದಳು. ಎಲ್ಲರೂ ಅಪ್ಪನ ಕಡೆ ನೋಡಿದರು. ಅಪ್ಪ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ತಾಟಿನ ಅಂಚಿಗೆ ತಾಗಿಸಿ, "ನಡೀಲಿ" ಎಂದ. ಜನ ಊಟಕ್ಕೆ ಹತ್ತಿದರು. ಅವನು ಆ ಸತ್ತ ಕೈಯನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡು ನೆಟ್ಟಗೆ ಕೂತ.

ನಾನು ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎಡಗೈಯನ್ನು ತಾಟಿಗೆ ಹಾಕಿದೆ.

ಎದುರಿಗೆ ಕೂತ ಮುದುಕಿ ತುತ್ತು ನಿಲ್ಲಿಸಿದಳು. "ಅಯ್ಯ ಅಕ್ಕೋರ, ಬಲಗೈಗೆ ಏನಾತ್ರಿ?"

"ಏನೂ ಆಗಿಲ್ರಿ ಆಯಿ. ನನ್ನ ಕೈ ಇದ."

ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. ಅಪ್ಪನ ಕುತ್ತಿಗೆ ಕೆಂಪಾದದ್ದು ಓರೆಗಣ್ಣಿಗೆ ಕಂಡಿತು. ನಾನು ಮನಸ್ಸಿನಲ್ಲಿ ಏನೇನೋ ಲೆಕ್ಕ ಹಾಕಿಕೊಂಡು ಬಂದಿದ್ದೆ. ಚೆಂದಾಗಿ ಉಂಡು ತೋರಿಸುತ್ತೇನೆ, ನೋಡು, ಇದಕ್ಕೇನಾ ನೀನು ನನ್ನನ್ನು ಕಟ್ಟಿ ಹಾಕಿದ್ದು ಎಂದು ಕಣ್ಣಿನಲ್ಲೇ ಕೇಳುತ್ತೇನೆ, ಅಂದುಕೊಂಡಿದ್ದೆ.

ಭಕ್ರಿ ಹರಿಯಲಿಲ್ಲ.

ಒಂದೇ ಕೈಯಲ್ಲಿ ಎಳೆದೆ, ಇಡೀ ಭಕ್ರಿ ತಾಟಿನಲ್ಲಿ ಗರಗರ ತಿರುಗಿತು. ಒತ್ತಿ ಹಿಡಿದೆ, ಬೆರಳು ಬಗ್ಗಲಿಲ್ಲ. ಬಿಟ್ಟು ಅನ್ನಕ್ಕೆ ಕೈ ಹಾಕಿದೆ. ತುತ್ತು ಕಟ್ಟಲು ಬಾರದೆ ಆಮಟಿ ಮೊಣಕೈವರೆಗೆ ಇಳಿಯಿತು, ಅನ್ನ ಸೀರೆಯ ಮೇಲೆ ಬಿತ್ತು. ಮತ್ತೆ ಎತ್ತಿದೆ. ಮತ್ತೆ ಬಿತ್ತು. ನನ್ನದು, ನನ್ನದು ಎಂದು ಮೂವತ್ತೈದು ವರ್ಷ ಒಳಗೊಳಗೇ ಸಿಟ್ಟು ಸಾಕಿಕೊಂಡು ಬಂದ ಕೈಗೆ ಒಂದು ತುತ್ತು ಕಟ್ಟಲು ಬರುತ್ತಿರಲಿಲ್ಲ. ಅದು ಎಲ್ಲವನ್ನೂ ಮರೆತುಬಿಟ್ಟಿತ್ತು. ನಾಲ್ಕು ಜನರ ಮುಂದೆ, ಸೀರೆಯ ತುಂಬ ಅನ್ನ ಚೆಲ್ಲಿಕೊಂಡು, ನಾನು ಅಳತೊಡಗಿದೆ.

"ಹಂಗಲ್ಲ" ಎಂದ ಅಪ್ಪ.

ನಾನು ಭಕ್ರಿಯನ್ನು ಇನ್ನೊಮ್ಮೆ ಎಳೆದೆ.

"ಹಂಗ ಜಗ್ಗಿದ್ರ ಬರಂಗಿಲ್ಲದು. ಅಂಗೈ ಊರು ಮೊದಲ. ಊರಿ, ಹೆಬ್ಬಟ್ಟಿಲೆ ಒತ್ತಿ, ಈ ಎರಡ ಬಟ್ಟಿಲೆ ಮ್ಯಾಲ ಹರಿ. ಹಂಗಲ್ಲಂದ್ನಿ. ತಡಿ. ನೋಡಿಲ್ಲಿ."

ಅವನ ಎಡಗೈ ಅವನ ತಾಟಿಗೆ ಬಂತು. ಭಕ್ರಿಯ ಮೇಲೆ ಅಂಗೈ ಊರಿದ. ಹೆಬ್ಬೆರಳು ಒತ್ತಿದ. ಒಂದು ತುಂಡು ಅಚ್ಚುಕಟ್ಟಾಗಿ ಕಿತ್ತು ಬಂತು. ಬಾಗಿಲು ಮುಚ್ಚಿಕೊಂಡು ಎಷ್ಟು ದಿನ ರೂಢಿ ಮಾಡಿಕೊಂಡಿದ್ದನೋ. ಝುಣಕಕ್ಕೆ ಹಚ್ಚಿ, ಮಡಚಿ, ಮೇಲೆತ್ತಿ ತೋರಿಸಿದ. ಆಗ ಅವನಿಗೆ ಅರಿವಾಯಿತು. ಕೈ ಅಲ್ಲೇ ನಿಂತಿತು. ಇಡೀ ಪಂಕ್ತಿ ಅವನನ್ನೇ ನೋಡುತ್ತಿತ್ತು. ಕಾಶೀಬಾಯಿ ಸೌಟು ಹಿಡಿದುಕೊಂಡು ನಿಂತಿದ್ದಳು. ಅಪ್ಪ ನನ್ನ ಕಡೆ ನೋಡಿದ, ನನ್ನ ಸೀರೆಯ ಕಡೆ, ನನ್ನ ಆ ಕೈಯ ಕಡೆ. ಬಹಳ ಹೊತ್ತು ಆ ಕೈಯನ್ನು ನೋಡಿದ.

ತುತ್ತನ್ನು ಬಾಯಿಗೆ ಹಾಕಿಕೊಂಡ.

ಅಗಿಯುತ್ತ, ಸಾಲಿನ ಕಡೆ ತಿರುಗಿ, "ಏನ ನೋಡಾಕತ್ತೀರಿ? ಆರ್ತೈತಿ, ಉಣ್ಣರಿ" ಎಂದು ಗದರಿಸಿದ. ಎಲ್ಲರೂ ತಲೆ ತಗ್ಗಿಸಿ ಉಂಡರು. ಆ ದಿನ ಅವನು ಒಂದೂವರೆ ಭಕ್ರಿ ತಿಂದ. ನಾನು ಏನು ತಿಂದೆನೋ ನೆನಪಿಲ್ಲ.

ಹದಿನೈದನೆಯ ದಿನಕ್ಕೆ ತೂಕ ಮುಕ್ಕಾಲು ಕಿಲೋ ಏರಿತ್ತು. ಮ್ಯಾನೇಜರರು ಮತ್ತೆ ಚಹಾ ಕೊಟ್ಟರು. ಇದೆಲ್ಲ ಆಗಿ ಈಗ ನಾಲ್ಕು ತಿಂಗಳಾಗಿದೆ. ಬಲಗೈ ಇನ್ನು ಬರುವುದಿಲ್ಲ ಎಂದು ಮಿರಜಿನ ಡಾಕ್ಟರು ಸ್ಪಷ್ಟವಾಗಿಯೇ ಹೇಳಿದ್ದಾರೆ. ಲಕ್ವಾ ಇನ್ನೊಂದು ಸಲ ಹೊಡೆಯಲಿಕ್ಕಿಲ್ಲ ಎಂದು ಮಾತ್ರ ಅವರು ಹೇಳಿಲ್ಲ. ಬಿ.ಪಿ. ಗುಳಿಗೆಯನ್ನು ಸಿಸ್ಟರ್ ನಿಂತು ನುಂಗಿಸುತ್ತಾಳೆ, ಅವನು ದಿನವೂ ಜಗಳ ತೆಗೆಯುತ್ತಾನೆ. ಕೋಲು ಹಿಡಿದು ಗೇಟಿನವರೆಗೆ ನಡೆಯುತ್ತಾನೆ. ಬಾಳು ದ್ರಾಕ್ಷಿಯ ಪೆಟ್ಟಿಗೆ ತಂದರೆ ಕಾಯಿ ಸಣ್ಣ ಎಂದು ಬೈಯುತ್ತಾನೆ. ಸುನಂದಾ ಹಬ್ಬಕ್ಕೆ ಬಂದು ಕಂಬದ ಮರೆಯಲ್ಲಿ ಸೆರಗು ಹೊದ್ದು ನಿಂತು "ಆರಾಮ ಅದೀರೇನ್ರಿ" ಎಂದು ಕೇಳಿದಳು. ಅವಳ ಮುಖ ಹಗುರಾಗಿತ್ತು, ಅವನದೂ.

ಆ ಒಂದು ವರ್ಷದ ಬಗ್ಗೆ ಅಪ್ಪ ನನಗೆ ಏನೂ ಹೇಳಿಲ್ಲ. ತಪ್ಪಾಯಿತು ಎನ್ನುವ ಜಾತಿಯ ಮನುಷ್ಯ ಅಲ್ಲ ಅವನು. ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಭಾನುವಾರಕ್ಕೊಮ್ಮೆ ಹೋಗಿ ಬೆಂಚಿನ ತುದಿಯಲ್ಲಿ ಕೂತು ಎಡಗೈಯಲ್ಲೇ ಉಣ್ಣುತ್ತೇನೆ. ಚೆಲ್ಲುತ್ತೇನೆ. ಅವನು ತಪ್ಪು ಹಿಡಿಯುತ್ತಾನೆ, ನನಗೆ ರೇಗುತ್ತದೆ, ಉತ್ತರ ಕೊಡುತ್ತೇನೆ.

ಹೋದ ಭಾನುವಾರ ಭಕ್ರಿ ಒಂದೇ ಸಲಕ್ಕೆ ಹರಿಯಿತು. ನಾನು ಸುಮ್ಮನೆ ತುಂಡನ್ನು ಝುಣಕಕ್ಕೆ ಹಚ್ಚಿದೆ. ಅಪ್ಪ ತನ್ನ ತುತ್ತು ನಿಲ್ಲಿಸಿ ನೋಡುತ್ತಿದ್ದ.

"ಈಗ ಬಂತ ನೋಡ ಕೈಗೆ" ಎಂದ. ಮತ್ತೆ ತಾಟಿನ ಕಡೆ ನೋಡುತ್ತ, "ಚಲೋ ಕೈ ಅದು" ಎಂದ.